ದೊಡ್ಡಮ್ಮನ ಗಾಬರಿ ಮತ್ತು ಒಂದು ಪುಟ್ಟ ತೂತಿನ ಚರಿತ್ರೆ

ನೀವು ನೈರೋಬಿಯಲ್ಲಿದ್ದೀರಿ ಅಂತಿಟ್ಟುಕೊಳ್ಳಿ. ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ ಇದೆ, ಲ್ಯಾಪರೋಸ್ಕೋಪಿಯಲ್ಲಿ ತೆಗೆಯೋಣ ಅಂತ ಪಾರ್ಕ್‌ಲ್ಯಾಂಡ್ಸ್‌ನ ಆಸ್ಪತ್ರೆಯೊಂದರಲ್ಲಿ ಡಾಕ್ಟರು ಹೇಳಿದ್ದಾರೆ. ಊರಿಗೆ ಫೋನ್ ಮಾಡುತ್ತೀರಿ. ಆ ಕಡೆ ದೊಡ್ಡಮ್ಮನಿಗೆ ಗಾಬರಿ: "ಅಯ್ಯೋ, ಅದು ಮಕ್ಕಳಾಗದ ಹಾಗೆ ಮಾಡೋ ಆಪರೇಷನ್ ಅಲ್ವೇನೇ?"

ನಗಬೇಡಿ. ನಮ್ಮ ಹಳ್ಳಿಗಳಲ್ಲಿ "ಅವಳಿಗೆ ಆಪರೇಷನ್ ಆಗಿದೆ" ಅಂದರೆ ಅಪೆಂಡಿಕ್ಸ್ ತೆಗೆದರು ಅಂತಲ್ಲ, ಸಂತಾನಹರಣ ಚಿಕಿತ್ಸೆ ಆಗಿದೆ ಅಂತ. ಆ ಮಾತಿಗೊಂದು ಚರಿತ್ರೆ ಇದೆ.

ಮನುಷ್ಯರ ಹೊಟ್ಟೆಯೊಳಗೆ ಕೊಳವೆ ತೂರಿಸಿ ನೋಡಿದ್ದನ್ನು ಸ್ವೀಡನ್ನಿನ ಯಾಕೋಬೇಯಸ್ 1910ರಲ್ಲಿ ಪ್ರಕಟಿಸಿದ. ಆದರೆ ಅದನ್ನು ಕೈಗೆತ್ತಿಕೊಂಡು ಬೆಳೆಸಿದವರಲ್ಲಿ ಮುಖ್ಯರು ಸ್ತ್ರೀರೋಗ ತಜ್ಞರು. ಹೊಕ್ಕಳ ಹತ್ತಿರ ಸುಮಾರು ಒಂದು ಸೆಂಟಿಮೀಟರಿನ ತೂತು, ಅದರಿಂದ ಗ್ಯಾಸ್ ತುಂಬಿ ಹೊಟ್ಟೆ ಉಬ್ಬಿಸುವುದು, ತಲೆ ತಗ್ಗಿಸಿ ಮಲಗಿಸಿದರೆ ಕರುಳು ಮೇಲಕ್ಕೆ ಸರಿದು ಕಿಬ್ಬೊಟ್ಟೆ ಕಾಣುವುದು: ಪ್ಯಾರಿಸ್ಸಿನ ರೌಲ್ ಪಾಮರ್ 1940ರ ದಶಕದಲ್ಲಿ ಈ ಕ್ರಮವನ್ನು ಪಳಗಿಸಿದ. ಜರ್ಮನಿಯ ಕೀಲ್ ಊರಿನ ಕುರ್ಟ್ ಜೆಮ್ ಕೂಡ ಸ್ತ್ರೀರೋಗ ತಜ್ಞನೇ. 1980ರಲ್ಲಿ ಆತ ಇದೇ ದಾರಿಯಲ್ಲಿ ಅಪೆಂಡಿಕ್ಸ್ ತೆಗೆದಾಗ ಸರ್ಜನ್‌ಗಳು ಉರಿದುಬಿದ್ದರು. ಒಮ್ಮೆ ಆತ ಸ್ಲೈಡ್ ತೋರಿಸುತ್ತಿದ್ದಾಗ ಯಾರೋ ಪ್ರೊಜೆಕ್ಟರಿನ ಪ್ಲಗ್ಗನ್ನೇ ಕಿತ್ತರಂತೆ! ಇವತ್ತು ಗಾಲ್‌ಬ್ಲಾಡರ್ ತೆಗೆಸಿಕೊಂಡ ಗಂಡಸರು ಮರುದಿನವೇ ಮನೆಗೆ ನಡೆಯುವುದರಲ್ಲಿ ಹೆಂಗಸರ ಡಾಕ್ಟರುಗಳ ಋಣವಿದೆ.

ಈಗ ಮುಖ್ಯ ವಿಷಯ. ಲೆಸ್ಲಿ ಬ್ರೌನ್ ಎಂಬಾಕೆಯ ಅಂಡನಾಳಗಳು ಮುಚ್ಚಿಹೋಗಿದ್ದವು. 1977ರ ನವೆಂಬರಿನಲ್ಲಿ ಇಂಗ್ಲೆಂಡಿನ ಪ್ಯಾಟ್ರಿಕ್ ಸ್ಟೆಪ್ಟೋ ಲ್ಯಾಪರೋಸ್ಕೋಪಿನಿಂದಲೇ ಆಕೆಯ ಒಂದು ಅಂಡವನ್ನು ಹೊರತೆಗೆದ. 1978ರ ಜುಲೈ 25ರಂದು ಜಗತ್ತಿನ ಮೊದಲ ಪ್ರನಾಳ ಶಿಶು ಹುಟ್ಟಿತು. ಅಲ್ಲಿ ಆ ಕೊಳವೆ ಮಗು ಕೊಟ್ಟಿತು. ಅದೇ ದಶಕದಲ್ಲಿ ಅದೇ ಕೊಳವೆಗೆ ಇನ್ನೊಂದು ಕೆಲಸವೂ ಸಿಕ್ಕಿತು: ಅಂಡನಾಳಕ್ಕೆ ಪುಟ್ಟ ರಬ್ಬರ್ ಉಂಗುರ ಹಾಕಿ ಮುಚ್ಚುವುದು. ಕೆಲವೇ ನಿಮಿಷ, ಅವತ್ತೇ ಮನೆಗೆ. ಬಡ ದೇಶಗಳ ಡಾಕ್ಟರುಗಳಿಗೆ ಇದನ್ನು ಕಲಿಸಲು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯ 1973ರಲ್ಲಿ ಜೆಪೈಗೋ ಎಂಬ ಸಂಸ್ಥೆಯನ್ನೇ ಕಟ್ಟಿತು. ನಮ್ಮ ದೇಶದಲ್ಲಿ ಶಿಬಿರಗಳು ಶುರುವಾದವು, ಗುರಿ ಮುಟ್ಟುವ ಅವಸರವೂ ಸೇರಿಕೊಂಡಿತು. ಸರ್ಕಾರಿ ಕನ್ನಡದ "ಉದರದರ್ಶಕ" ದೊಡ್ಡಮ್ಮನ ಓರಗೆಯವರಿಗೆ ಪರಿಚಯವಾದದ್ದೇ ಹೀಗೆ. ಅವರು ಹೆದರಿದ್ದು ಸುಮ್ಮನೆ ಅಲ್ಲ. 2014ರ ನವೆಂಬರಿನಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರ ಜಿಲ್ಲೆಯ ಒಂದು ಶಿಬಿರದಲ್ಲಿ ಒಬ್ಬರೇ ಡಾಕ್ಟರು ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಈ ಆಪರೇಷನ್ ಮಾಡಿದರು. ಜಿಲ್ಲೆಯ ಶಿಬಿರಗಳಿಗೆ ಹೋದ 13 ಮಂದಿ ತೀರಿಕೊಂಡರು. ಮೂರು ವರ್ಷದೊಳಗೆ ಶಿಬಿರ ಪದ್ಧತಿ ನಿಲ್ಲಿಸಿ ಅಂತ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಕೀನ್ಯಾದ ದಾರಿ ಬೇರೆ. ಅಲ್ಲಿ ಕುಟುಂಬ ಯೋಜನೆಗೆ ಹೆಚ್ಚು ಬಳಕೆಯಾದದ್ದು ಮಿನಿಲ್ಯಾಪ್, ಅಂದರೆ ಜಾಗ ಮರಗಟ್ಟಿಸಿ ಹಾಕುವ ಸಣ್ಣ ಕೊಯ್ತ. ಅದಕ್ಕೆ ದುಬಾರಿ ಕ್ಯಾಮೆರಾ, ಗ್ಯಾಸ್ ಯಂತ್ರ ಬೇಡ. ಕೀಹೋಲ್ ಆಪರೇಷನ್ ಬೇರೂರಿದ್ದು ಹೆಚ್ಚಾಗಿ ಖಾಸಗಿ ಆಸ್ಪತ್ರೆಗಳಲ್ಲಿ. 1958ರಲ್ಲಿ ತೆರೆದ ನೈರೋಬಿಯ ಆಗಾ ಖಾನ್ ಆಸ್ಪತ್ರೆಯ ವೈದ್ಯರು ಗರ್ಭಕೋಶದ ಲ್ಯಾಪರೋಸ್ಕೋಪಿ ಅನುಭವವನ್ನು 2003ರಲ್ಲಿ ಈಸ್ಟ್ ಆಫ್ರಿಕನ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ನೋಡಿ, ಊರಲ್ಲಿ ಬಡವರನ್ನು ಸಾಲಾಗಿ ಮಲಗಿಸಿದ ಉಪಕರಣ, ಇಲ್ಲಿ ಇನ್ಶೂರೆನ್ಸ್ ಕಾರ್ಡ್ ಕೇಳುತ್ತದೆ.

ಇನ್ನು ದೊಡ್ಡಮ್ಮನಿಗೆ ಏನು ಹೇಳುತ್ತೀರಿ? ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ಬರೀ ಗಡ್ಡೆ ತೆಗೆದು ಗರ್ಭಕೋಶ ಉಳಿಸಿದರೆ ಅದು ಮಯೋಮೆಕ್ಟಮಿ. ಗರ್ಭಕೋಶವನ್ನೇ ತೆಗೆದರೆ ಹಿಸ್ಟರೆಕ್ಟಮಿ. ಅಮೆರಿಕದ ಹ್ಯಾರಿ ರೀಚ್ 1988ರಲ್ಲಿ ಅದನ್ನೂ ಈ ತೂತುಗಳಿಂದಲೇ ಮಾಡಿ ತೋರಿಸಿದ್ದ. ಹೊರಗಿನ ಗಾಯ ಎರಡಕ್ಕೂ ಹೆಚ್ಚುಕಮ್ಮಿ ಒಂದೇ ಥರ. ಒಪ್ಪಿಗೆ ಪತ್ರದಲ್ಲಿ ಯಾವ ಪದ ಇದೆ ಅಂತ ಓದಿಯೇ ಸಹಿ ಹಾಕಿ. ಆಮೇಲೆ ಫೋನ್ ಮಾಡಿ: "ದೊಡ್ಡಮ್ಮ, ಗಡ್ಡೆ ಮಾತ್ರ ತೆಗೀತಾರೆ, ಗರ್ಭಕೋಶ ಹಾಗೇ ಇರುತ್ತೆ."