ಚಿಲ್ಲರೆ ಲೆಕ್ಕದ ದೊಡ್ಡ ಚರಿತ್ರೆ



ಧಾರಾವಿಯ ಯಾವ ಗಲ್ಲಿಗೆ ಹೋದರೂ, ಮನೆಯ ಮಾತು ಬಂದಾಗ ಕೆಲವು ಸಂಖ್ಯೆಗಳು ಕಿವಿಗೆ ಬೀಳುತ್ತವೆ: 225, 269, 300, 350. ಎಲ್ಲವೂ ಚದರ ಅಡಿ. 1995ರ ಸ್ಲಂ ಪುನರ್ವಸತಿ ಯೋಜನೆಯಲ್ಲಿ ಒಂದು ಕುಟುಂಬಕ್ಕೆ 225 ಚದರ ಅಡಿ ಎಂದಿತ್ತು. ಆಮೇಲೆ ಅದು 269 ಆಯಿತು, ಮುಂದೆ 300. ಇವುಗಳಲ್ಲಿ 269 ಮಾತ್ರ ವಿಚಿತ್ರ. 270 ಅಲ್ಲ, 265 ಅಲ್ಲ, 269 ಏಕೆ?

ಕಾರಣ ಸರಳ. ಸರಕಾರಿ ಕಾಗದದಲ್ಲಿ ಇದ್ದದ್ದು 25 ಚದರ ಮೀಟರ್. ಅದನ್ನು ಅಡಿಗೆ ತಿರುಗಿಸಿದರೆ 269.0978 ಬರುತ್ತದೆ. ದಶಾಂಶದ ಬಾಲ ಕತ್ತರಿಸಿದರೆ ಉಳಿಯುವುದು 269. ಬಿಟ್ಟದ್ದು ಕೇವಲ 14 ಚದರ ಇಂಚು, ಒಂದು ಅಂಗೈಯಷ್ಟು. ಕಾನೂನಿನ ಲೆಕ್ಕ ಮೀಟರಿನಲ್ಲೇ ಇರುವುದರಿಂದ ಯಾರ ಮನೆಯೂ ಇದರಿಂದ ಕಿರಿದಾಗುವುದಿಲ್ಲ. ಆದರೆ ಯಾರಾದರೂ 269ನ್ನೇ ಹಿಡಿದು ಹತ್ತು ಸಾವಿರ ಮನೆಗಳ ಲೆಕ್ಕ ಹಾಕಿದರೆ 978 ಚದರ ಅಡಿ, ಅಂದರೆ ಮೂರೂವರೆ ಮನೆಗಳಷ್ಟು ಜಾಗ, ಕಾಗದದ ಮೇಲೆ ಮಾಯವಾಗುತ್ತದೆ! ಚೂರು ಸಣ್ಣದು, ಎಷ್ಟು ಸಲ ಬಿಡುತ್ತೇವೆ ಎಂಬುದೇ ದೊಡ್ಡದು.

ಈ ಚೂರಿನ ತಕರಾರು ನಮಗೆ ಹೊಸದಲ್ಲ. 1957ರ ಏಪ್ರಿಲ್ 1ರಂದು ದೇಶದಲ್ಲಿ ನಯಾ ಪೈಸೆ ಬಂತು. ಅಲ್ಲಿಯವರೆಗೆ ರೂಪಾಯಿಗೆ ಹದಿನಾರಾಣೆ. ಅಂದಿನಿಂದ ನೂರು ನಯಾ ಪೈಸೆ. ಒಂದಾಣೆಗೆ ಆರೂಕಾಲು ಪೈಸೆ. ಕಾಲು ಪೈಸೆಯ ನಾಣ್ಯವೇ ಇಲ್ಲ! ಆದ್ದರಿಂದ ಅರ್ಧ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಬಿಡುವುದು, ಹೆಚ್ಚಿದ್ದರೆ ಒಂದು ಪೈಸೆ ಸೇರಿಸುವುದು ಎಂದಾಯಿತು. ಹಾಗಾಗಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ ಸರಿಯಾಗಿ 25. ಎರಡಾಣೆಯ ಎಂಟು ನಾಣ್ಯಗಳನ್ನು ಒಟ್ಟಿಗೆ ಕೊಟ್ಟರೆ ಪೂರ್ತಿ ರೂಪಾಯಿ, ನೂರು ಪೈಸೆ. ಒಂದೊಂದಾಗಿ ಕೊಟ್ಟರೆ 96 ಮಾತ್ರ. ದಿನಗೂಲಿಯವನಿಗೆ ಆ ನಾಲ್ಕು ಪೈಸೆ ಆಗ ಸಣ್ಣದಾಗಿರಲಿಲ್ಲ.

ಅದೇ ಕಾಲದಲ್ಲಿ ಇದೇ ಮುಂಬಯಿಯಲ್ಲಿ ಇನ್ನೊಂದು ಕೆಲಸ ನಡೆದಿತ್ತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಆರ್. ನರಸಿಂಹನ್ ಮತ್ತು ಸಂಗಡಿಗರು ದೇಶದಲ್ಲೇ ಒಂದು ಕಂಪ್ಯೂಟರ್ ಕಟ್ಟುತ್ತಿದ್ದರು. 1960ರಲ್ಲಿ ಅದು ಕೆಲಸ ಆರಂಭಿಸಿತು. 1962ರಲ್ಲಿ ಪ್ರಧಾನಿ ನೆಹರೂ ಅದಕ್ಕೆ ಟಿಫ್ರಾಕ್ ಎಂದು ಹೆಸರಿಟ್ಟರು. ಅದರ ನೆನಪಿನಲ್ಲಿ 2,048 ಸಂಖ್ಯೆಗಳಿಗೆ ಜಾಗ. ಒಂದೊಂದು ಸಂಖ್ಯೆಗೆ 40 ಮನೆಗಳು. ಪ್ರತಿ ಮನೆಯಲ್ಲೂ ಸೊನ್ನೆ ಅಥವಾ ಒಂದು ಮಾತ್ರ.

ಇಲ್ಲೊಂದು ಸೋಜಿಗವಿದೆ. ಕಂಪ್ಯೂಟರಿಗೆ ಭಿನ್ನರಾಶಿ ಎಂದರೆ ಅರ್ಧ, ಅದರರ್ಧ, ಅದರರ್ಧ. ನಮ್ಮ ಹಿರಿಯರ ಅರೆ, ಕಾಲು, ಅರೆಕಾಲು, ವೀಸಗಳೂ ಹೀಗೆಯೇ! ಎಂಟಾಣೆ, ನಾಲ್ಕಾಣೆ, ಎರಡಾಣೆ, ಒಂದಾಣೆ ಎಲ್ಲವನ್ನೂ ಅದು ಚೂರೂ ಬಿಡದೆ ಬರೆದಿಡಬಲ್ಲದು. ಅದಕ್ಕೆ ತೊಡಕಾಗುವುದು ನಯಾ ಪೈಸೆ. ಹತ್ತು ಪೈಸೆಯನ್ನು ಅರ್ಧದರ್ಧಗಳಿಂದ ಕಟ್ಟಿ ನೋಡಿ: ಒಂದಾಣೆ ಮತ್ತು ಅರ್ಧಾಣೆ ಕೂಡಿದರೆ 9.375 ಪೈಸೆ. ರೂಪಾಯಿಯ 256ನೇ ಒಂದು ಭಾಗ ಸೇರಿಸಿದರೆ 9.7656. 512ನೇ ಒಂದು ಭಾಗ ಸೇರಿಸಿದರೆ 9.9609. ಹತ್ತಿರ ಬರುತ್ತದೆ, ಹತ್ತು ಆಗುವುದೇ ಇಲ್ಲ. 40 ಮನೆ ಇರಲಿ, 400 ಇರಲಿ, ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು.

ಹೀಗೆ ಕತ್ತರಿಸಿದ ಚೂರು ಲೋಕದಲ್ಲಿ ಮಾಡಿದ ಅನಾಹುತ ಕಡಿಮೆಯಲ್ಲ. ಕೆನಡಾದ ವ್ಯಾಂಕೂವರ್ ಷೇರುಪೇಟೆ 1982ರ ಜನವರಿಯಲ್ಲಿ 1,000 ಅಂಕದಿಂದ ಒಂದು ಸೂಚ್ಯಂಕ ಶುರುಮಾಡಿತು. ಪ್ರತಿ ವಹಿವಾಟಿನ ಬಳಿಕ ಮೂರು ದಶಾಂಶ ಉಳಿಸಿ ಮಿಕ್ಕದ್ದನ್ನು ಕತ್ತರಿಸುತ್ತಿದ್ದರು. 1983ರ ನವೆಂಬರ್ ಹೊತ್ತಿಗೆ ಅದು 524ರ ಆಸುಪಾಸಿಗೆ ಇಳಿದಿತ್ತು. ಸರಿಯಾಗಿ ಲೆಕ್ಕ ಹಾಕಿದಾಗ ಬಂದದ್ದು 1,098! ಪೇಟೆ ಬಿದ್ದಿರಲಿಲ್ಲ, ಲೆಕ್ಕ ಸೋರಿತ್ತು.

ಇನ್ನೊಂದು ಘಟನೆ ನೋವಿನದು. 1991ರ ಫೆಬ್ರವರಿ 25, ಕೊಲ್ಲಿ ಯುದ್ಧದ ಸಮಯ. ಸೌದಿ ಅರೇಬಿಯದ ಧಹ್ರಾನ್‌ನಲ್ಲಿದ್ದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಸೆಕೆಂಡಿನ ಹತ್ತನೇ ಒಂದು ಭಾಗದಂತೆ ಹೊತ್ತು ಎಣಿಸುತ್ತಿತ್ತು. ನಮ್ಮ ಹತ್ತು ಪೈಸೆಯ ತೊಡಕೇ ಅಲ್ಲೂ. ಸುಮಾರು ನೂರು ಗಂಟೆ ನಿಲ್ಲಿಸದೆ ನಡೆಸಿದ್ದರಿಂದ ಗಡಿಯಾರದಲ್ಲಿ 0.34 ಸೆಕೆಂಡಿನ ವ್ಯತ್ಯಾಸ ಬಂದಿತ್ತು. ಅಷ್ಟರಲ್ಲಿ ಸ್ಕಡ್ ಕ್ಷಿಪಣಿ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಸಾಗಿರುತ್ತದೆ. ಅದನ್ನು ತಡೆಯಲಾಗಲಿಲ್ಲ, 28 ಸೈನಿಕರು ಸತ್ತರು.

ಹಾಗಾದರೆ ಪರಿಹಾರ? ಮೊದಲು ಒಂದೊಂದು ಕಂಪೆನಿಯ ಯಂತ್ರ ಒಂದೊಂದು ರೀತಿ ಕತ್ತರಿಸುತ್ತಿತ್ತು. 1985ರಲ್ಲಿ ಎಲ್ಲರಿಗೂ ಒಂದೇ ನಿಯಮ ಬಂತು. ಅದರ ಹಿಂದೆ ದುಡಿದವರಲ್ಲಿ ಪ್ರಮುಖರು ವಿಲಿಯಂ ಕಹಾನ್. ಅವರಿಗೆ 1989ರ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಆ ನಿಯಮದಲ್ಲಿ ಒಂದು ಜಾಣತನವಿದೆ. ಸರಿ ಅರ್ಧ ಬಂದಾಗ ಯಾವಾಗಲೂ ಕೆಳಗೆ ಇಳಿಸಬೇಡಿ. ಹತ್ತಿರದ ಸಮಸಂಖ್ಯೆಗೆ ಒಯ್ಯಿರಿ. ನಮ್ಮ ಆಣೆಗೇ ಹಚ್ಚಿ ನೋಡೋಣ. ಎರಡು, ಆರು, ಹತ್ತು, ಹದಿನಾಲ್ಕು ಆಣೆಗಳ ನಿಜವಾದ ಬೆಲೆ 12.5, 37.5, 62.5, 87.5, ಕೂಡಿದರೆ 200 ಪೈಸೆ. 1957ರ ಲೆಕ್ಕದಲ್ಲಿ 12, 37, 62, 87; ಒಟ್ಟು 198. ಸಮಸಂಖ್ಯೆಯ ನಿಯಮದಲ್ಲಿ 12, 38, 62, 88, ಸರಿಯಾಗಿ 200!

ಪ್ರೋಗ್ರಾಂ ಬರೆಯುವವರು ಪಾಲಿಸುವ ಬೇರೆ ಸೂತ್ರಗಳೂ ಕಿರಾಣಿ ಅಂಗಡಿಯ ಜಾಣತನವೇ. ಹಣವನ್ನು ರೂಪಾಯಿಯ ದಶಾಂಶದಲ್ಲಿ ಇಡದೆ ಪೂರ್ತಿ ಪೈಸೆಗಳಲ್ಲಿ ಎಣಿಸಿರಿ. ನಡುನಡುವೆ ಕತ್ತರಿಸದೆ ಕೊನೆಗೆ ಒಮ್ಮೆ ಮಾತ್ರ ದುಂಡಾಗಿಸಿರಿ. ದಶಾಂಶದ ಎರಡು ಉತ್ತರಗಳು ಅಕ್ಷರಶಃ ಒಂದೇ ಆಗಿರಲಿ ಎಂದು ಹಟ ಹಿಡಿಯದೆ, ಎಷ್ಟು ಅಂತರ ಸಹ್ಯ ಎಂದು ಮೊದಲೇ ಗೊತ್ತುಮಾಡಿರಿ. ಕಹಾನ್ 1965ರಲ್ಲೇ ಇನ್ನೊಂದು ಉಪಾಯ ಹೇಳಿದ್ದರು: ಕೂಡುವಾಗ ಬಿಟ್ಟುಹೋದ ಚೂರನ್ನು ಬೇರೆಯಾಗಿ ಬರೆದಿಟ್ಟು ಮುಂದಿನ ಲೆಕ್ಕಕ್ಕೆ ಸೇರಿಸುವುದು. ನಮ್ಮ ಅಂಗಡಿಯವರು ಬಾಕಿ ಬರೆದಿಡುವುದಿಲ್ಲವೇ, ಹಾಗೆ!

ಇದು ಕಂಪ್ಯೂಟರಿನವರ ಚಿಂತೆ, ನಮಗೇಕೆ ಎನ್ನಬೇಡಿ. ಧಾರಾವಿಯ ಹೊಲಿಗೆ, ಚರ್ಮದ ಕಾರ್ಖಾನೆಗಳಲ್ಲಿ ಎಷ್ಟೋ ಜನರಿಗೆ ಕೂಲಿ ಸಿಗುವುದು ನಗದ ಲೆಕ್ಕದಲ್ಲಿ. ಡಜನ್‌ಗೆ 25 ರೂಪಾಯಿ ಎಂದಿಟ್ಟುಕೊಳ್ಳಿ. ಮಾಲೀಕರ ಕಂಪ್ಯೂಟರ್ ಅದನ್ನು ನಗಕ್ಕೆ 2.08 ಎಂದು ದುಂಡಾಗಿಸಿ ಗುಣಿಸಿದರೆ 12,000 ನಗಕ್ಕೆ 24,960 ರೂಪಾಯಿ. ಡಜನ್ ಲೆಕ್ಕದಲ್ಲೇ ಕೂಡಿದರೆ 25,000. ನಲವತ್ತು ರೂಪಾಯಿಯನ್ನು ಯಾರೂ ಕದ್ದಿಲ್ಲ. ಆದರೂ ಅದು ದುಡಿದವರ ಕೈಗೆ ಬರಲಿಲ್ಲ. ಯಂತ್ರದ ಚೀಟಿ ಬಂದಾಗ ಮೊತ್ತವನ್ನಷ್ಟೇ ನೋಡಬೇಡಿ. ಎಲ್ಲಿ ದುಂಡಾಗಿಸಿದ್ದಾರೆ ಎಂದು ಒಮ್ಮೆ ಕೇಳಿ. ಕೇಳಲು ಇಂಗ್ಲಿಷ್ ಬೇಕಿಲ್ಲ, ಮಗ್ಗಿ ಬಂದರೆ ಸಾಕು.