ಪಾರ್ಶ್ವವಾಯು: ಮಾತು ಹೋದರೂ ಬುದ್ಧಿ ಹೋಗದು

ಪಾರ್ಶ್ವವಾಯುವಿಗೆ ತುತ್ತಾಗಿ ಆಸ್ಪತ್ರೆಯಿಂದ ಮರಳಿದ ಹಿರಿಯರೊಬ್ಬರು ಎದುರಿಗೆ ನಿಂತ ಮಗನ ಗುರುತು ಹಿಡಿಯುತ್ತಾರೆ; ಹೆಸರು ಮಾತ್ರ ಬಾಯಿಗೆ ಬಾರದು. ನೀರು ಕೇಳಲು ಹೋಗಿ ಬೇರಾವುದೋ ಪದ ನುಡಿಯುತ್ತಾರೆ. ಆದರೆ ಸಂಜೆ ವಿಭೂತಿ ಧರಿಸಿ ಕುಳಿತರೆ ಪಂಚಾಕ್ಷರಿ ಮಂತ್ರ ತಡೆಯಿಲ್ಲದೆ ಹೊರಡುತ್ತದೆ. ಪಂಚಪೀಠಗಳಲ್ಲಿ ಒಂದಾದ ಉಜ್ಜಿನಿಯಂಥ ಊರಿನಲ್ಲಿ ಇದನ್ನು ಕಂಡವರು ದೈವದ ಮಹಿಮೆ ಎನ್ನಬಹುದು, ಇಲ್ಲವೇ ಬುದ್ಧಿ ಕೆಟ್ಟಿತೆಂದು ಮರುಗಬಹುದು. ವೈದ್ಯವಿಜ್ಞಾನ ಈ ಸ್ಥಿತಿಯನ್ನು ಅಫೇಸಿಯಾ ಎಂದು ಕರೆಯುತ್ತದೆ.

ಏನಿದು ಅಫೇಸಿಯಾ?

ಬಹುತೇಕರಲ್ಲಿ ಭಾಷೆಯನ್ನು ನಿರ್ವಹಿಸುವುದು ಮಿದುಳಿನ ಎಡಭಾಗ. ಅಲ್ಲಿನ ರಕ್ತನಾಳ ಕಟ್ಟಿಕೊಂಡರೆ ಅಥವಾ ಒಡೆದರೆ ಮಾತನಾಡುವ, ಗ್ರಹಿಸುವ, ಓದುವ ಹಾಗೂ ಬರೆಯುವ ಶಕ್ತಿ ಕುಂದುತ್ತದೆ. ಎಡ ಮಿದುಳು ಬಲ ಮೈಯನ್ನು ನಿಯಂತ್ರಿಸುವುದರಿಂದ ಮಾತಿನೊಂದಿಗೆ ಬಲಗೈ, ಬಲಗಾಲು ಸೋಲುವುದೂ ಸಾಮಾನ್ಯ. ಪಾರ್ಶ್ವವಾಯು ಪೀಡಿತರಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಜನರಿಗೆ ಈ ತೊಂದರೆ ಬರುತ್ತದೆ.

ಫ್ರಾನ್ಸಿನ ಪಾಲ್ ಬ್ರೋಕಾ 1861ರಲ್ಲಿ, ಜರ್ಮನಿಯ ಕಾರ್ಲ್ ವೆರ್ನಿಕೆ 1874ರಲ್ಲಿ ವಿವರಿಸಿದ ಎರಡು ಬಗೆಗಳು ಇಂದಿಗೂ ಅವರ ಹೆಸರಿನಲ್ಲೇ ಇವೆ. ಮೊದಲನೆಯದರಲ್ಲಿ ರೋಗಿಗೆ ಬಹುಮಟ್ಟಿಗೆ ಅರ್ಥವಾಗುತ್ತದೆ, ಆದರೆ ಪದಗಳು ಕಷ್ಟದಿಂದ ಬರುತ್ತವೆ. ವಿಭಕ್ತಿ, ಕ್ರಿಯಾಪದದ ರೂಪಗಳು ಉದುರಿಹೋಗಿ ‘ನೀರು... ಕುಡಿ’ ಎಂಬಷ್ಟೇ ಉಳಿಯುತ್ತದೆ. ಎರಡನೆಯದರಲ್ಲಿ ಮಾತು ಸರಾಗ, ಅರ್ಥ ಅಸ್ಪಷ್ಟ. ಇತರರ ಮಾತೂ ಸರಿಯಾಗಿ ತಿಳಿಯದು. ಎಣಿಕೆ, ವಾರಗಳ ಹೆಸರು, ಪ್ರಾರ್ಥನೆಯಂತಹ ಕಂಠಪಾಠದ ನುಡಿಗಳು ಮಾತ್ರ ಅನೇಕರಲ್ಲಿ ಉಳಿದುಕೊಳ್ಳುತ್ತವೆ. ಹಿರಿಯರ ಮಂತ್ರಪಠಣದ ಗುಟ್ಟು ಇದೇ.

ಮೊದಲ ಗಂಟೆಗಳು

ಮುಖ ಸೊಟ್ಟಗಾಗುವುದು, ಒಂದು ಕೈ ಬಲಗುಂದುವುದು, ಮಾತು ತೊದಲುವುದು ಮುಖ್ಯ ಲಕ್ಷಣಗಳು. ರಕ್ತ ಹೆಪ್ಪುಗಟ್ಟಿ ಉಂಟಾದ ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ನೀಡಬೇಕು. ಅದಕ್ಕೂ ಮುನ್ನ, ರಕ್ತಸ್ರಾವವಾಗಿಲ್ಲವೆಂದು ತಿಳಿಯಲು ಸಿ.ಟಿ. ಸ್ಕ್ಯಾನ್ ಆಗಬೇಕು. ‘ಲಕ್ವ ಹೊಡೆದಿದೆ’ ಎಂದು ನಾಟಿ ಔಷಧಿ ಹುಡುಕಿಕೊಂಡು ಅಲೆಯುವ ಕುಟುಂಬ ಕಳೆದುಕೊಳ್ಳುವುದು ಈ ಅಮೂಲ್ಯ ವೇಳೆಯನ್ನೇ. 108 ಆಂಬುಲೆನ್ಸ್ ಕರೆದು, ಲಕ್ಷಣ ಆರಂಭವಾದ ಸಮಯವನ್ನು ಗುರುತಿಟ್ಟುಕೊಂಡು, ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೆ ನೇರವಾಗಿ ಒಯ್ಯುವುದೇ ಸರಿಯಾದ ಕ್ರಮ.

ಆರು ತಿಂಗಳೇ ಗಡುವೇ?

ಚೇತರಿಕೆ ಮೊದಲ ವಾರ, ತಿಂಗಳುಗಳಲ್ಲಿ ವೇಗವಾಗಿರುತ್ತದೆ, ಬಳಿಕ ನಿಧಾನವಾಗುತ್ತದೆ. ಆರು ತಿಂಗಳು ಕಳೆದರೆ ಇನ್ನು ಮಾತು ಬಾರದು ಎಂಬ ನಂಬಿಕೆಗೆ ಮಾತ್ರ ಆಧಾರವಿಲ್ಲ. ಜರ್ಮನಿಯಲ್ಲಿ ನಡೆದು 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಫೇಸಿಯಾ ಬಂದು ಆರು ತಿಂಗಳು ಮೀರಿದ್ದ 158 ಮಂದಿ ಭಾಗವಹಿಸಿದ್ದರು. ವಾರಕ್ಕೆ ಕನಿಷ್ಠ 10 ಗಂಟೆಯಂತೆ ಮೂರು ವಾರ ತೀವ್ರ ವಾಕ್ ಚಿಕಿತ್ಸೆ ಪಡೆದ ಬಳಿಕ ಅವರ ನಿತ್ಯದ ಸಂವಹನ ಸುಧಾರಿಸಿತು. ಪೂರ್ಣ ಗುಣವಾಗುವ ಭರವಸೆಯನ್ನು ಯಾರೂ ಕೊಡಲಾರರು, ಆದರೆ ಅಭ್ಯಾಸ ನಿಲ್ಲಿಸಲು ಕಾರಣವಿಲ್ಲ.

ಮನೆಯೇ ಪಾಠಶಾಲೆ

ಹಳ್ಳಿಯಲ್ಲಿ ವಾಕ್ ಚಿಕಿತ್ಸಕರು ಸಿಗುವುದು ದುರ್ಲಭ. ಹೀಗಾಗಿ ಚಿಕಿತ್ಸಕರಿಂದ ಕಲಿತ ಅಭ್ಯಾಸವನ್ನು ಮುಂದುವರಿಸುವ ಹೊಣೆ ಮನೆಯವರ ಮೇಲಿದೆ. ಟಿ.ವಿ. ಆರಿಸಿ, ಮುಖ ನೋಡಿ, ಚಿಕ್ಕ ವಾಕ್ಯಗಳಲ್ಲಿ ಮಾತನಾಡಬೇಕು. ಕಿವಿ ಚೆನ್ನಾಗಿರುವುದರಿಂದ ಕೂಗುವ ಅಗತ್ಯವಿಲ್ಲ. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯಬೇಕು. ಸನ್ನೆ, ಚಿತ್ರಗಳನ್ನೂ ಉತ್ತರವೆಂದೇ ಸ್ವೀಕರಿಸಬೇಕು. ಉಜ್ಜಿನಿಯ ಶಿಖರ ತೈಲಾಭಿಷೇಕ, ಕೊಟ್ಟೂರಿನ ರಥೋತ್ಸವದ ಚಿತ್ರ ತೋರಿಸಿ ‘ಇದೇನು?’ ಎಂದು ಕೇಳಬಹುದು. ಪದ ಹೊಳೆಯದಿದ್ದರೆ ‘ತೇ...’ ಎಂದು ಮೊದಲ ಅಕ್ಷರ ಒದಗಿಸಿದಾಗ ‘ತೇರು’ ಎಂದು ಪೂರ್ಣಗೊಳಿಸುವವರಿದ್ದಾರೆ. ಮನೆಯಲ್ಲಿ ಲಂಬಾಣಿ, ಉರ್ದು ಅಥವಾ ತೆಲುಗು ಆಡುವವರಿದ್ದರೆ ಅದನ್ನು ಚಿಕಿತ್ಸಕರಿಗೆ ತಿಳಿಸಬೇಕು. ಎರಡು ಭಾಷೆ ಬಲ್ಲವರಲ್ಲಿ ಒಂದು ಇನ್ನೊಂದಕ್ಕಿಂತ ಮೊದಲು ಮರಳುವುದುಂಟು.

ನೆರವು ಎಲ್ಲಿ?

1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ (ಆಯಿಷ್) ಹಾಗೂ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪರೀಕ್ಷೆ, ಚಿಕಿತ್ಸೆ ಲಭ್ಯ. ತೀವ್ರತೆ ಅಳೆಯುವ ‘ವೆಸ್ಟರ್ನ್ ಅಫೇಸಿಯಾ ಬ್ಯಾಟರಿ’ಯ ಕನ್ನಡ ರೂಪದ ಅಂಕಿ-ಅಂಶಗಳನ್ನು ಆಯಿಷ್‌ನ ಶ್ಯಾಮಲಾ ಚೆಂಗಪ್ಪ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ್ದಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಅಫೇಸಿಯಾದಿಂದ ಉಂಟಾಗುವ ಶಾಶ್ವತ ವಾಕ್-ಭಾಷಾ ದೋಷವನ್ನು ಹೆಸರಿಸಿಯೇ ಅಂಗವೈಕಲ್ಯವೆಂದು ಪರಿಗಣಿಸಿದೆ. ಇಂಥ ದೋಷವಿರುವವರು ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡ್‌ಗೆ ಅರ್ಜಿ ಸಲ್ಲಿಸಬಹುದು.

ಮಾತು ಕಳೆದುಕೊಂಡವರನ್ನು ಹೊಲದ ವ್ಯವಹಾರ, ಮಕ್ಕಳ ಮದುವೆಯ ಮಾತುಕತೆಯಿಂದ ದೂರವಿಡುವ ಮನೆಗಳಿವೆ. ಖಿನ್ನತೆಗೆ ಇಂಥ ಏಕಾಂತವೇ ದಾರಿಯಾಗುತ್ತದೆ. ಅವರನ್ನೂ ಪಡಸಾಲೆಗೆ ಕರೆದು, ‘ನಿಮ್ಮ ಅಭಿಪ್ರಾಯವೇನು?’ ಎಂದು ಕೇಳಿ, ತಲೆಯಾಡಿಸುವವರೆಗೆ ಕಾಯುವುದು ಯಾವ ಔಷಧಿಯ ಖರ್ಚೂ ಇಲ್ಲದ ಚಿಕಿತ್ಸೆ.