ದುಂಡು ಮನೆಯ ದುಬಾರಿ ಲೆಕ್ಕ

ವಿಚಿತ್ರ ಆಕಾರದ ಮನೆ ತೋರಿಸಿದರೆ ನೀವು ಚಾನೆಲ್ ಬದಲಿಸೋದಿಲ್ಲ. ಇದು ನನಗೂ ಗೊತ್ತು, ಅಂಥ ಮನೆ ಮಾರುವವರಿಗೂ ಗೊತ್ತು. "ರೇಟು ಜಾಸ್ತಿ ನಿಜ ಸಾರ್, ಆದ್ರೆ ಕರೆಂಟ್ ಬಿಲ್ಲಲ್ಲಿ ವಾಪಸ್ ಬರುತ್ತೆ" ಅಂತಾರೆ. ಬರುತ್ತಾ? ಇತಿಹಾಸವನ್ನೇ ಕೇಳೋಣ.

ಅಮೆರಿಕದ ಬಕ್‌ಮಿನ್‌ಸ್ಟರ್ ಫುಲ್ಲರ್ 1954ರಲ್ಲಿ ಜಿಯೋಡೆಸಿಕ್ ಡೋಮ್‌ಗೆ ಪೇಟೆಂಟ್ ಪಡೆದರು. ತ್ರಿಕೋನಗಳನ್ನು ಜೋಡಿಸಿ ಕಟ್ಟುವ ಗುಮ್ಮಟ ಅದು. ಒಂದಿಷ್ಟು ಜಾಗವನ್ನು ಅತಿ ಕಡಿಮೆ ಹೊರಮೈಯಲ್ಲಿ ಮುಚ್ಚುವ ಆಕಾರ ಗೋಳ. ಹೊರಮೈ ಕಡಿಮೆಯಾದರೆ ಚಳಿಗಾಲದಲ್ಲಿ ಹೊರಗೆ ಹೋಗುವ ಶಾಖವೂ ಕಡಿಮೆ. ಈ ಗಣಿತ ಸುಳ್ಳಲ್ಲ.

ಆದರೆ ನಾವು ಬದುಕೋದು ನೆಲದ ಮೇಲೆ, ಗಾಳಿಯಲ್ಲಲ್ಲ. 1000 ಚದರಡಿಯ ಚೌಕ ಮನೆ ತಗೊಳ್ಳಿ, ಗೋಡೆ 10 ಅಡಿ ಎತ್ತರ. ಗೋಡೆ, ಚಾವಣಿ ಸೇರಿ ಹೊರಮೈ ಸುಮಾರು 2265 ಚದರಡಿ. ಅಷ್ಟೇ ನೆಲದ ಅರ್ಧಗೋಳಕ್ಕೆ 2000. ಉಳಿತಾಯ ಶೇ. 12 ಮಾತ್ರ! ಗುಮ್ಮಟದ ನೆತ್ತಿ ಸುಮಾರು 18 ಅಡಿ ಮೇಲಿರುತ್ತೆ. ಒಳಗಿನ ಗಾಳಿ ಶೇ. 19ರಷ್ಟು ಹೆಚ್ಚು. ಬಿಸಿಗಾಳಿ ಮೇಲಕ್ಕೇರಿ ಅಲ್ಲೇ ಕೂರುತ್ತೆ.

ಇನ್ನು ಸಂದುಗಳ ಕಥೆ. ಫುಲ್ಲರ್ ಸ್ವತಃ 1960ರಿಂದ ಇಲಿನಾಯ್ ರಾಜ್ಯದ ಕಾರ್ಬನ್‌ಡೇಲ್‌ನಲ್ಲಿ ಡೋಮ್ ಮನೆಯಲ್ಲೇ ಇದ್ದರು. ಆ ಮನೆಯೂ ಸೋರಿತು. 1971ರಲ್ಲಿ 'ಡೋಮ್‌ಬುಕ್ 2' ಪ್ರಕಟಿಸಿ ಸಾವಿರಾರು ಜನರಿಗೆ ಗುಮ್ಮಟದ ಹುಚ್ಚು ಹಿಡಿಸಿದ ಲಾಯ್ಡ್ ಕಾನ್ ಮುಂದೆ ತಮ್ಮದೇ ಡೋಮ್ ಬಿಚ್ಚಿ, ಸಾಮಾನ್ಯ ಮನೆ ಕಟ್ಟಿಕೊಂಡರು. ಆ ಪುಸ್ತಕದ ಮುದ್ರಣವನ್ನೂ ನಿಲ್ಲಿಸಿದರು. ಸಂದು ಸೋರುತ್ತೆ, ಚೌಕ ಪ್ಲೈವುಡ್ ಕತ್ತರಿಸಿದರೆ ವೇಸ್ಟ್ ಆಗುತ್ತೆ, ಬೀರು ಗೋಡೆಗೆ ಒರಗಲ್ಲ. ಇಂಥ ಖರ್ಚು ಯಾವ ಜಾಹೀರಾತಿನಲ್ಲೂ ಇರೋದಿಲ್ಲ.

ಹಾಗಾದರೆ ನಿಜವಾಗಿ ಇಂಧನ ಉಳಿಸಿದ ಮನೆ ಯಾವುದು? 1973ರ ತೈಲ ಬಿಕ್ಕಟ್ಟಿನ ನಂತರ, 1977ರಲ್ಲಿ, ಕೆನಡಾದ ರೆಜೈನಾ ನಗರದಲ್ಲಿ 'ಸಸ್ಕಾಚುವನ್ ಕನ್ಸರ್ವೇಶನ್ ಹೌಸ್' ಎದ್ದು ನಿಂತಿತು. ನೋಡೋಕೆ ಪೆಟ್ಟಿಗೆ. ಶಾಖ ತಡೆಯುವ ವಸ್ತು ತುಂಬಿದ 12 ಇಂಚಿನ ಗೋಡೆ, ಗಾಳಿ ನುಸುಳದ ಸಂದು, ಹೊರಹೋಗುವ ಗಾಳಿಯ ಬಿಸಿಯನ್ನು ಒಳಬರುವ ಗಾಳಿಗೆ ದಾಟಿಸುವ ಯಂತ್ರ. ಆ ಕೊರೆಯುವ ಚಳಿಯ ಊರಲ್ಲೂ ಮನೆ ಬಿಸಿ ಮಾಡುವ ಕುಲುಮೆ ಬೇಕಾಗಲಿಲ್ಲ. ತಮಾಷೆ ಏನು ಗೊತ್ತಾ? ಆ ಮನೆಗೆ ಹಾಕಿದ್ದ ದುಬಾರಿ ಸೌರಫಲಕಗಳನ್ನು ಮುಂದೆ ಕಿತ್ತು ಹಾಕಿದರು. ದಪ್ಪ ಗೋಡೆ ತನ್ನ ಕೆಲಸ ಮಾಡುತ್ತಲೇ ಇತ್ತು. 1991ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಶುರುವಾದ 'ಪ್ಯಾಸಿವ್ ಹೌಸ್' ಪದ್ಧತಿಗೂ ಇದೇ ದಾರಿ ತೋರಿಸಿತು.

ಗುಮ್ಮಟ ಚೆಂದ ಅನ್ನಿಸಿದರೆ ಕಟ್ಟಿಸಿ ಸ್ವಾಮಿ, ದುಡ್ಡು ನಿಮ್ಮದು. ಆದರೆ 20 ವರ್ಷದ ಸಾಲಕ್ಕೆ ಸಹಿ ಹಾಕೋದು 'ಉಳಿತಾಯ'ದ ಮಾತು ನಂಬಿ ಅಂತಾದರೆ, ಮಾರುವವರಿಗೆ ಎರಡು ಪ್ರಶ್ನೆ ಕೇಳಿ. ಇಂಥ ಮನೆಯಲ್ಲಿ ಈಗಾಗಲೇ ವಾಸ ಇರುವವರ ಬಿಲ್ ಎಲ್ಲಿ? ಈ ಹೆಚ್ಚುವರಿ ದುಡ್ಡನ್ನು ಮಾಮೂಲಿ ಮನೆಯ ಗೋಡೆಗೆ, ಚಾವಣಿಗೆ, ಕಿಟಕಿಗೆ ಹಾಕಿದರೆ ಎಷ್ಟು ಉಳಿಯುತ್ತೆ? ಉತ್ತರ ಬರೋವರೆಗೂ ಪೆನ್ನು ಜೇಬಲ್ಲೇ ಇರಲಿ.